ಪೌಲನ ಮೇಲಿನ ಪ್ರೀತಿಯಿಂದ

ಪ್ರೀತಿಯ ತಮ್ಮನಿಗೆ,

ನಿನ್ನ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಸಂಪಾದಕರು ಹಿಂದಿರುಗಿಸಿದರೆಂದು ಬರೆಯುವುದನ್ನೇ ಬಿಡುತ್ತೇನೆ ಎಂದಿದ್ದೀಯ. ಆ ಮಾತನ್ನು ಇನ್ನೊಮ್ಮೆ ಆಡಬೇಡ. ಕಾಗುಣಿತವನ್ನು ಯಾರಾದರೂ ತಿದ್ದಿಕೊಡುತ್ತಾರೆ. ನನ್ನ ನಿದ್ದೆ ಕೆಡಿಸಿದ್ದು ನಾಲ್ಕನೆಯ ಅಧ್ಯಾಯ. ಅಲ್ಲಿ ನೀನೇ ಕಟ್ಟಿದ ಉಪದೇಶವೊಂದನ್ನು, ಬೈಬಲಿನಲ್ಲಿ ಪತ್ರಗಳಿರುವ ಅಪೊಸ್ತಲ ಪೌಲನದೆಂದು ಉದ್ಧರಣ ಚಿಹ್ನೆಯೊಳಗೆ ಇಟ್ಟಿದ್ದೀಯ. ಕೇಳಿದರೆ, ಪ್ರಾರ್ಥನೆಯಲ್ಲಿ ಹೊಳೆಯಿತು ಎನ್ನುತ್ತೀಯ.

ಎರಡನೆಯ ಶತಮಾನದಲ್ಲಿ, ರೋಮನ್ನರ ಏಷ್ಯಾ ಪ್ರಾಂತದ ಕ್ರೈಸ್ತ ಸಭೆಯ ಒಬ್ಬ ಹಿರಿಯ ಪೌಲನ ಹೆಸರಿಗೆ ಇಂಥದೇ ಬರಹವೊಂದನ್ನು ಸೇರಿಸಿದ. ಸಿಕ್ಕಿಬಿದ್ದಾಗ, ಪೌಲನ ಮೇಲಿನ ಪ್ರೀತಿಯಿಂದ ಬರೆದೆ ಎಂದು ಒಪ್ಪಿಕೊಂಡ. ಅವನ ಸ್ಥಾನ ಹೋಯಿತೆಂದು ಆದಿ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ದಾಖಲಿಸಿದ್ದಾನೆ. ಹೊಸ ಒಡಂಬಡಿಕೆಯ ಇಪ್ಪತ್ತೇಳು ಪುಸ್ತಕಗಳ ಪಟ್ಟಿಯನ್ನು ಅಲೆಕ್ಸಾಂದ್ರಿಯದ ಬಿಷಪ್ ಅಥನಾಸಿಯಸ್ ಬರೆದದ್ದು 367ರಲ್ಲಿ. ಅದಕ್ಕೂ ಬಹಳ ಮುಂಚಿನ ಕಾಲವದು. ಆಗ ಸಭೆಗಳ ಕೈಯಲ್ಲಿದ್ದ ಒರೆಗಲ್ಲುಗಳಲ್ಲಿ ದೊಡ್ಡದು ಇದೇ: ಈ ಮಾತು ನಿಜವಾಗಿ ಕ್ರಿಸ್ತನ ಮೊದಲ ದೂತರಾದ ಅಪೊಸ್ತಲರಿಂದ ಬಂದದ್ದೇ?

ಪೌಲನನ್ನೇ ನೋಡು. ತನ್ನ ಸುವಾರ್ತೆ ಮನುಷ್ಯರಿಂದ ಬಂದದ್ದಲ್ಲ, ಯೇಸು ಕ್ರಿಸ್ತನ ಪ್ರಕಟನೆಯಿಂದ ಬಂದದ್ದು ಎಂದು ಗಲಾತ್ಯದವರಿಗೆ ಬರೆದವನು ಅವನು. ಅಂಥವನು ಕೊರಿಂಥದವರಿಗೆ ಮದುವೆಯ ವಿಷಯ ಬರೆಯುವಾಗ ಒಂದೇ ಅಧ್ಯಾಯದಲ್ಲಿ ಗೆರೆ ಎಳೆಯುತ್ತಾನೆ: ಇದು ಕರ್ತನ ಅಪ್ಪಣೆ, ಇದು ನನ್ನ ಮಾತು. ಕನ್ಯೆಯರ ಬಗ್ಗೆ ಕರ್ತನ ಅಪ್ಪಣೆ ತನಗಿಲ್ಲ, ಹೇಳುತ್ತಿರುವುದು ತನ್ನ ಅಭಿಪ್ರಾಯ ಎಂದೂ ಬರೆಯುತ್ತಾನೆ. ಅವನಿಗೇ ಬೇಕೆನಿಸಿದ ಆ ಗೆರೆಯನ್ನು ನೀನು ಅಳಿಸಿಬಿಟ್ಟೆಯಲ್ಲ!

ನಿನ್ನನ್ನು ಗದರಿಸುವ ಹಕ್ಕು ನನಗೆಷ್ಟಿದೆಯೋ. ಮೂವತ್ತು ವರ್ಷಗಳ ಹಿಂದೆ ಗೆಳೆಯನೊಬ್ಬನ ಪುಸ್ತಕಕ್ಕೆ, ಪೂರ್ತಿ ಓದದೆಯೇ, ಮುನ್ನುಡಿ ಬರೆದುಕೊಟ್ಟೆ. ಆದಿಕಾಲದ ಕ್ರೈಸ್ತ ಗುರುಗಳಾದ ಸಭಾಪಿತೃಗಳದೆಂದು ಅದರಲ್ಲಿದ್ದ ಎರಡು ಮಾತುಗಳು ಅವನೇ ಹೊಸೆದವು ಎಂದು ಆಮೇಲೆ ತಿಳಿಯಿತು. ಸುಮ್ಮನಿದ್ದೆ. ಅಂತಿಯೋಕ್ಯದ ಬಿಷಪ್ ಸೆರಾಪಿಯನ್ ನನ್ನಂತೆ ಸುಮ್ಮನಿರಲಿಲ್ಲ. ರೊಸ್ಸಸ್ ಊರಿನ ಸಭೆಯವರು ಅಪೊಸ್ತಲ ಪೇತ್ರನ ಹೆಸರಿನ ಸುವಾರ್ತೆ ಪುಸ್ತಕವೊಂದನ್ನು ಓದಲು, ಅದನ್ನು ತಾನು ಓದದೆಯೇ ಒಪ್ಪಿಗೆ ಕೊಟ್ಟಿದ್ದ. ಆಮೇಲೆ ತರಿಸಿ ಓದಿದ. ಬಹುಪಾಲು ಸರಿಯಿದೆ, ಕೆಲವು ಸೇರಿಸಿದವು ಎಂದು ಕಂಡುಕೊಂಡ. ಪೇತ್ರನನ್ನು ಒಪ್ಪುತ್ತೇವೆ, ಅವನ ಹೆಸರಿನ ಸುಳ್ಳು ಬರಹಗಳನ್ನು ಒಪ್ಪುವುದಿಲ್ಲ ಎಂದು ಬರೆದ. ಮೊದಲು ತಾನು ಓದಿರಲಿಲ್ಲ ಎಂಬುದನ್ನೂ ಮುಚ್ಚಿಡದೆ ಬರೆದ.

ಗೆಳೆಯ ಈಗಿಲ್ಲ. ಆ ಎರಡು ಮಾತುಗಳನ್ನು ಕಳೆದ ತಿಂಗಳೂ ಒಬ್ಬರು ವೇದಿಕೆಯ ಮೇಲೆ ಉದ್ಧರಿಸಿದರು. ನಾನು ಎರಡನೆಯ ಸಾಲಿನಲ್ಲಿ ಕೂತಿದ್ದೆ.

ಆ ಉಪದೇಶ ಚೆನ್ನಾಗಿದೆ ತಮ್ಮಾ, ಅದಕ್ಕೇ ಹೇಳುತ್ತಿದ್ದೇನೆ. ಉದ್ಧರಣ ಚಿಹ್ನೆಗಳನ್ನು ತೆಗೆದು, ನಿನ್ನ ಮಾತೆಂದೇ ಬರೆದು, ಅಧ್ಯಾಯವನ್ನು ನನಗೆ ಕಳುಹಿಸು. ಈ ಸಲ ಪೂರ್ತಿ ಓದಿಯೇ ಮುನ್ನುಡಿ ಬರೆಯುತ್ತೇನೆ.

ನಿನ್ನ,
ಅಣ್ಣ