ಸ್ಕೇಟಿಂಗ್ ಹಾಡು: ಮೊದಲು ಗಡಿಯಾರ, ಆಮೇಲೆ ಇಷ್ಟ

ಮಾನ್ಯ ಸಂಪಾದಕರೆ,

ಚಳಿಗಾಲದ ಒಲಿಂಪಿಕ್ಸ್ ಬಂದಾಗ ನಮ್ಮ ಕ್ರೀಡಾಪುಟಗಳಲ್ಲಿ ಫಿಗರ್ ಸ್ಕೇಟಿಂಗ್ ಬಗ್ಗೆ ಬರುವುದು ಯಾರು ಎಷ್ಟು ಸುತ್ತು ಜಿಗಿದರು, ಯಾರು ಬಿದ್ದರು ಎಂಬುದಷ್ಟೇ. ಯಾವ ಸಂಗೀತಕ್ಕೆ ಆಡಿದರು ಎಂಬುದರ ಸುದ್ದಿಯೇ ಇರುವುದಿಲ್ಲ. ಇತ್ತ ಬೆಂಗಳೂರಿನಲ್ಲಿ ಚಕ್ರದ ಸ್ಕೇಟ್ ಕಟ್ಟಿಕೊಂಡು ಆರ್ಟಿಸ್ಟಿಕ್ ಸ್ಕೇಟಿಂಗ್ ಕಲಿಯುವ ಮಕ್ಕಳ ಕೈಗೆ, ಆ ವರ್ಷ ಓಡಿದ ಸಿನಿಮಾ ಹಾಡನ್ನು ಮೊಬೈಲ್‌ನಲ್ಲೇ ಕತ್ತರಿಸಿ ಕೊಡುವ ಪೋಷಕರು ಬೇಕಾದಷ್ಟಿದ್ದಾರೆ. ಸಂಗೀತ ಎಂದರೆ ಹಿನ್ನೆಲೆಗೆ ಏನೋ ಒಂದು ಇರಲಿ ಎಂದು ಹಾಕುವುದು ಎಂಬ ತಪ್ಪು ತಿಳಿವಳಿಕೆ ಎರಡೂ ಕಡೆ ಇದೆ. ಹಾಡಿನ ಆಯ್ಕೆಯಿಂದಲೇ ಅಂಕ ಬರುತ್ತದೆ, ಅಂಕ ಹೋಗುತ್ತದೆ. ಅದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕೆನಿಸಿತು.

ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದ ನಿಯಮದಂತೆ ಐಸ್ ಮೇಲೆ ಒಬ್ಬರೇ ಆಡುವ ಸ್ಪರ್ಧೆಯ ಮೊದಲ, ಚಿಕ್ಕ ಸುತ್ತಾದ ಶಾರ್ಟ್ ಪ್ರೋಗ್ರಾಂ 2 ನಿಮಿಷ 40 ಸೆಕೆಂಡಿನದು. ಎರಡನೆಯ, ದೊಡ್ಡ ಸುತ್ತಾದ ಫ್ರೀ ಸ್ಕೇಟಿಂಗ್ ಹಿರಿಯರಿಗೆ 4 ನಿಮಿಷ, ಜೂನಿಯರ್‌ಗಳಿಗೆ ಮೂರೂವರೆ. 10 ಸೆಕೆಂಡ್ ಹೆಚ್ಚುಕಮ್ಮಿಯಾದರೆ ತೊಂದರೆಯಿಲ್ಲ, ಅದಕ್ಕೂ ಮೀರಿದರೆ ಅಥವಾ ಕಡಿಮೆ ಬಿದ್ದರೆ ಪ್ರತಿ 5 ಸೆಕೆಂಡಿಗೆ ಒಂದು ಅಂಕ ಕಡಿತ. ಬಹಳ ಜನ ಮರೆಯುವುದೇನೆಂದರೆ, ಗಡಿಯಾರ ಹಾಡಿನ ಜೊತೆ ಶುರುವಾಗುವುದಿಲ್ಲ. ಸ್ಕೇಟರ್ ಅಲುಗಿದ ಕ್ಷಣದಿಂದ ಪೂರ್ತಿ ನಿಲ್ಲುವವರೆಗಿನದೇ ಲೆಕ್ಕ. 1984ರ ಸರಾಯೆವೊ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಜೇನ್ ಟಾರ್ವಿಲ್ ಮತ್ತು ಕ್ರಿಸ್ಟೋಫರ್ ಡೀನ್ ಇಂಥದ್ದೇ ನಿಯಮವನ್ನು ಬಳಸಿಕೊಂಡರು. ರಾವೆಲ್‌ನ ‘ಬೊಲೆರೊ’ ಎಂಬ ವಾದ್ಯಸಂಗೀತವನ್ನು ಎಷ್ಟು ಇಳಿಸಿದರೂ 4 ನಿಮಿಷ 28 ಸೆಕೆಂಡಿಗಿಂತ ಕೆಳಗೆ ಬರಲಿಲ್ಲ, ಮಿತಿ ಇದ್ದದ್ದು 4 ನಿಮಿಷ 10 ಸೆಕೆಂಡ್. ಆ ಕಾಲದ ನಿಯಮದಂತೆ ಎಣಿಕೆ ಶುರುವಾಗುತ್ತಿದ್ದದ್ದು ಸ್ಕೇಟಿನ ಅಲಗು ಐಸ್ ಮೇಲೆ ಓಡತೊಡಗಿದಾಗ. ಹಾಗಾಗಿ ಹೆಚ್ಚಾದ 18 ಸೆಕೆಂಡನ್ನು ಆರಂಭದಲ್ಲೇ ಇಬ್ಬರೂ ಮಂಡಿಯೂರಿ ತೂಗಾಡುತ್ತ ಕಳೆದರು. ಕಲಾತ್ಮಕತೆಗೆ ಒಂಬತ್ತೂ ತೀರ್ಪುಗಾರರು ಆಗಿನ ಗರಿಷ್ಠ ಅಂಕವಾದ 6.0 ಕೊಟ್ಟರು. ಸಂಗೀತದ ಏರಿಕೆಗೆ ಎಲ್ಲೂ ಕತ್ತರಿ ಬೀಳದಂತೆ ನಿಯಮದೊಳಗೇ ದಾರಿ ಹುಡುಕಿದ್ದು ಆ ಜೋಡಿಯ ಹೆಚ್ಚುಗಾರಿಕೆ.

ಹಾಡು ಹುಡುಕುವ ಮೊದಲು ಮಗುವಿನ ಕಾಲಿನ ವೇಗ ಅಳೆಯಬೇಕು. ಹಾಡೇ ಇಲ್ಲದೆ ಆರಾಮವಾಗಿ ಸುತ್ತು ಹಾಕಲು ಬಿಟ್ಟು, 15 ಸೆಕೆಂಡಿನಲ್ಲಿ ಎಷ್ಟು ಸಲ ಕಾಲು ತಳ್ಳುತ್ತದೆ ಎಂದು ಎಣಿಸಿ ನಾಲ್ಕರಿಂದ ಗುಣಿಸಿ. 15 ಸಲ ಎಂದಾದರೆ ನಿಮಿಷಕ್ಕೆ 60. ನಿಮಿಷಕ್ಕೆ 120 ಬೀಟ್ ಇರುವ ಹಾಡು ಆ ಮಗುವಿಗೆ ಸರಿ, ಎರಡು ಬೀಟಿಗೊಂದು ಹೆಜ್ಜೆ ತಾನಾಗಿ ಬೀಳುತ್ತದೆ. 140ರ ಹಾಡು ಕೊಟ್ಟರೆ ಇಡೀ ಪ್ರೋಗ್ರಾಂನಲ್ಲಿ ಮಗು ಹಾಡಿನ ಹಿಂದೆ ಓಡುತ್ತಿರುತ್ತದೆ. ನಿಧಾನದ, ಉದ್ದ ಎಳೆತದ ಸಂಗೀತ ಸುಲಭ ಎಂಬ ನಂಬಿಕೆಯೂ ಸುಳ್ಳು. ಸ್ಕೇಟಿನ ಒಂದು ಅಂಚಿನ ಮೇಲೆ ಮಂಡಿ ಬಗ್ಗಿಸಿ ನಾಲ್ಕೈದು ಎಣಿಕೆ ಅಲುಗದೆ ಜಾರುವ ಶಕ್ತಿ ಬಾರದ ಮಗುವಿಗೆ ಅಂಥ ಹಾಡು ಕೊಟ್ಟರೆ ಕೊರತೆಯೆಲ್ಲ ಬಯಲಾಗುತ್ತದೆ.

ಆಮೇಲೆ ಹಾಡಿನ ಒಳರಚನೆ ನೋಡಬೇಕು. ಶಾರ್ಟ್ ಪ್ರೋಗ್ರಾಂನಲ್ಲಿ ಮೂರು ಜಿಗಿತ, ಮೂರು ಸ್ಪಿನ್ (ನಿಂತಲ್ಲೇ ಗಿರಗಿರ ಸುತ್ತುವುದು), ಒಂದು ಹೆಜ್ಜೆಗಳ ಸರಣಿ ಕೂರಬೇಕು. ಮೂರು ಸುತ್ತಿನ ಜಿಗಿತದಲ್ಲಿ ಗಾಳಿಯಲ್ಲಿರುವುದು ಒಂದು ಸೆಕೆಂಡಿಗೂ ಕಡಿಮೆ, ಆದರೆ ಅದರ ತಯಾರಿಗೆ ಹಲವು ಸೆಕೆಂಡ್ ಬೇಕು. ಆ ತಯಾರಿಯ ಹೊತ್ತಿಗೆ ಸಂಗೀತವೂ ಏರುತ್ತಿದ್ದರೆ ಚೆನ್ನ. ಒಂದೇ ಒಂದು ಡ್ರಮ್ ಪೆಟ್ಟಿಗೆ ಇಳಿಯುವಂತೆ ಕಟ್ಟಿದರೆ ಅರ್ಧ ಸೆಕೆಂಡ್ ತಡವಾದರೂ ಎಲ್ಲರಿಗೂ ಕಾಣುತ್ತದೆ. ಅದರ ಬದಲು ಎರಡು ಸೆಕೆಂಡ್ ಹರಡಿಕೊಳ್ಳುವ ಏರುಧ್ವನಿ ಆರಿಸಿದರೆ ಇಳಿತ ಎಲ್ಲಿ ಬಿದ್ದರೂ ಒಪ್ಪುತ್ತದೆ. ಸ್ಪಿನ್‌ನದು ಬೇರೆ ಲೆಕ್ಕ. ಕಾಲನ್ನೂ ಭಂಗಿಯನ್ನೂ ಬದಲಿಸುವ ಸಂಯುಕ್ತ ಸ್ಪಿನ್‌ಗೆ 12–15 ಸೆಕೆಂಡ್ ಬೇಕು. ಕೊನೆಯಲ್ಲಿ ಸ್ಪಿನ್ ಇಟ್ಟು ಹಾಡನ್ನು ಬಿಗಿಯಾಗಿ ಕತ್ತರಿಸಿದರೆ ಸಂಗೀತ ಮುಗಿದ ಮೇಲೂ ಮಗು ಸುತ್ತುತ್ತಲೇ ಇರುತ್ತದೆ. 2018–19ರಿಂದ ಶಾರ್ಟ್‌ನ ಕೊನೆಯ ಜಿಗಿತಕ್ಕೂ ಫ್ರೀಯ ಕೊನೆಯ ಮೂರು ಜಿಗಿತಗಳಿಗೂ ಶೇ 10 ಹೆಚ್ಚು ಮೌಲ್ಯ ಸಿಗುವಂತಾಯಿತು. ಅವು ದ್ವಿತೀಯಾರ್ಧದಲ್ಲಿ ಬರಬೇಕೆಂಬುದು ಷರತ್ತು. ಹಾಗಾಗಿ ದಣಿದ ಕಾಲಿಗೆ ಹುಮ್ಮಸ್ಸು ಕೊಡುವ ಭಾಗ ಉತ್ತರಾರ್ಧದಲ್ಲಿರಬೇಕು.

ಇಲ್ಲಿಯೇ ಸಿನಿಮಾ ಹಾಡು ಕೈಕೊಡುವುದು. ಪಲ್ಲವಿ, ಚರಣ, ಮತ್ತೆ ಪಲ್ಲವಿ, ಎಲ್ಲವೂ ಒಂದೇ ಗಟ್ಟಿತನದಲ್ಲಿ. ಏರಿಳಿತವಿಲ್ಲದ ಕಡೆ ಸ್ಕೇಟರ್ ಏನು ತೋರಿಸಬೇಕು? ಮೇಲಾಗಿ ಎಷ್ಟೋ ಹಾಡುಗಳು ಕರಗುತ್ತ ಮುಗಿಯುತ್ತವೆ. ಮಗು ಭಂಗಿ ಹಿಡಿದು ನಿಂತಿರುತ್ತದೆ, ಹಾಡು ಇನ್ನೂ ಸಣ್ಣಗೆ ಕೇಳುತ್ತಿರುತ್ತದೆ. ಸಾಹಿತ್ಯವಿರುವ ಹಾಡಿಗೆ ಸಿಂಗಲ್ಸ್‌ನಲ್ಲೂ ಪೇರ್ಸ್‌ನಲ್ಲೂ ಅನುಮತಿ ಸಿಕ್ಕಿದ್ದು 2014–15ರಲ್ಲಿ. ಸಿಕ್ಕಿದೆ ಎಂದು ಬಳಸಲೇಬೇಕೆಂದಿಲ್ಲ, ಮಾತು ಇದ್ದಷ್ಟೂ ಆಟದ ಕಡೆಗಿನ ಗಮನ ಕಡಿಮೆಯಾಗುತ್ತದೆ. ತೀರಾ ಪರಿಚಿತ ಸಂಗೀತದ ಕಷ್ಟವೇ ಬೇರೆ. 1988ರ ಕ್ಯಾಲ್ಗರಿಯಲ್ಲಿ ಕತರೀನಾ ವಿಟ್ ಮತ್ತು ಡೆಬಿ ಥಾಮಸ್ ಇಬ್ಬರೂ ‘ಕಾರ್ಮೆನ್’ ಎಂಬ ಪ್ರಸಿದ್ಧ ಒಪೆರಾದ (ಗೀತನಾಟಕದ) ಸಂಗೀತಕ್ಕೇ ಆಡಿದರು, ಹೋಲಿಕೆ ತಪ್ಪಲಿಲ್ಲ.

ನಮ್ಮಲ್ಲಿ ಏನಿದೆ ಎಂದು ಕೇಳುವವರು ತಿಲ್ಲಾನ ಕೇಳಲಿ. ಆದಿತಾಳದ ಎಂಟು ಅಕ್ಷರ ಸ್ಕೇಟಿಂಗ್‌ನ ಎಂಟರ ಎಣಿಕೆಗೆ ಸರಿಯಾಗಿ ಕೂರುತ್ತದೆ. ಜತಿಗಳ ಮೇಲೆ ಹೆಜ್ಜೆಗಳ ಸರಣಿ ಕಟ್ಟಬಹುದು. ಮೂರು ಸಲ ಮರಳುವ ಮುಕ್ತಾಯ ಇದ್ದರೆ ಕೊನೆಯ ಭಂಗಿ ಯಾವಾಗ ಬೀಳುತ್ತದೆಂದು ತಾಳ ಬಾರದ ತೀರ್ಪುಗಾರರಿಗೂ ಮೊದಲೇ ಗೊತ್ತಾಗುತ್ತದೆ. ಏಳರ ಎಣಿಕೆಯ ಮಿಶ್ರಛಾಪು ತಾಳದಲ್ಲಿ ಎಡಬಲ ಕಾಲು ಆವರ್ತಕ್ಕೊಮ್ಮೆ ಅದಲುಬದಲಾಗುವುದರಿಂದ ಚಿಕ್ಕವರಿಗೆ ಬೇಡ. ಆಲಾಪನೆ ಆರಂಭಕ್ಕೆ ಹತ್ತು ಸೆಕೆಂಡ್ ಸಾಕು. ವೀಣೆಯ ನಾದ ರಿಂಕ್‌ನ ಗದ್ದಲದಲ್ಲಿ ಕರಗಿಹೋಗುತ್ತದೆ, ನಾಗಸ್ವರವೂ ಚೆಂಡೆಯೂ ಎದ್ದು ಕೇಳುತ್ತವೆ. 2010ರ ವ್ಯಾಂಕೂವರ್‌ನಲ್ಲಿ ಅಮೆರಿಕದ ಮೆರಿಲ್ ಡೇವಿಸ್ ಮತ್ತು ಚಾರ್ಲಿ ವೈಟ್ ಹಿಂದಿ ಸಿನಿಮಾ ಹಾಡುಗಳನ್ನು ಜೋಡಿಸಿ ಐಸ್ ಡ್ಯಾನ್ಸ್ ಸ್ಪರ್ಧೆಯಲ್ಲಿ ಆಗಿದ್ದ ಒರಿಜಿನಲ್ ಡ್ಯಾನ್ಸ್ ಎಂಬ ಸುತ್ತನ್ನು ಆಡಿ, ಕೊನೆಗೆ ಬೆಳ್ಳಿ ಗೆದ್ದರು. ಅಲ್ಲಿ ಗೆದ್ದದ್ದು ಭಾಗ ಭಾಗಗಳನ್ನು ಆರಿಸಿ ಜೋಡಿಸಿದ ಬಗೆ.

ಕತ್ತರಿಸುವ ಕೆಲಸಕ್ಕೆ ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಕಂಪ್ಯೂಟರ್ ತಂತ್ರಾಂಶ ಸಾಕು. ಒಂದು ಆವರ್ತದ ಕೊನೆಯಿಂದ ಇನ್ನೊಂದರ ಸಮಕ್ಕೆ, ಅಂದರೆ ಮೊದಲ ಪೆಟ್ಟಿಗೆ, ಹಾರಬೇಕು, ನಡುವೆ ಅಲ್ಲ. ಪರದೆಯಲ್ಲಿ ಕಾಣುವ ಧ್ವನಿಯ ಅಲೆಯ ಗೆರೆ ಸೊನ್ನೆ ದಾಟುವಲ್ಲಿ ಕತ್ತರಿಸದಿದ್ದರೆ ‘ಟಕ್’ ಎಂಬ ಸದ್ದು ಉಳಿಯುತ್ತದೆ. ಲಯವಾದ್ಯವಿರುವ ಕಡೆ ಒಂದು ತುಣುಕು ಕರಗುತ್ತ ಇನ್ನೊಂದು ಏರುವ ಬೆಸುಗೆ 10ರಿಂದ 30 ಮಿಲಿಸೆಕೆಂಡ್ ಸಾಕು, ಎಳೆತದ ಸ್ವರಗಳಿಗೆ ಒಂದೆರಡು ಸೆಕೆಂಡ್ ಬೇಕು. ಎರಡು ತುಣುಕುಗಳ ಶ್ರುತಿ ಬೇರೆಯಾದರೆ ನೇರವಾಗಿ ಅಂಟಿಸಬಾರದು. ನಡುವೆ ಬರೀ ತಾಳವಾದ್ಯವನ್ನೋ ಅರೆಕ್ಷಣದ ಮೌನವನ್ನೋ ಇಡಬೇಕು. ವೇಗವನ್ನು ಶೇ 3–4ಕ್ಕಿಂತ ಹೆಚ್ಚು ಬದಲಿಸಿದರೆ ಹಾಡುಗಾರರ ದನಿ ಕೆಡುತ್ತದೆ. ಕೊನೆಗೆ ಇಡೀ ಟ್ರ್ಯಾಕನ್ನು ಮೋನೊ ಮಾಡಿ, ಅಂದರೆ ಎಡ-ಬಲದ ಧ್ವನಿ ಒಂದಾಗಿಸಿ, ಕೇಳಿ. ಎಷ್ಟೋ ರಿಂಕ್‌ಗಳಲ್ಲಿ ಸ್ಪೀಕರ್ ಮೋನೊದಲ್ಲೇ ಓಡುತ್ತದೆ, ಹೆಡ್‌ಫೋನಿನಲ್ಲಿ ಚೆಂದ ಕೇಳಿದ ಕೊಳಲು ಅಲ್ಲಿ ಮಾಯವಾಗಬಹುದು. ಮೆಲುದನಿಯ ಭಾಗಗಳನ್ನು ಸ್ವಲ್ಪ ಎತ್ತಿ, ಬಾಸ್ ಇಳಿಸಿ. ಶಾರ್ಟ್‌ಗೆ ಟ್ರ್ಯಾಕ್ 2 ನಿಮಿಷ 45 ಸೆಕೆಂಡ್ ಇರಲಿ: ಸ್ಪಿನ್ ನಿಧಾನವಾದರೂ ಮಿತಿಯೊಳಗೆ ನಿಲ್ಲಬಹುದು. ಚಕ್ರದ ಸ್ಕೇಟಿಂಗ್‌ನಲ್ಲಿ ವಯೋಮಾನಕ್ಕೆ ತಕ್ಕಂತೆ ಅವಧಿ ಬೇರೆ, ಆ ವರ್ಷದ ಸುತ್ತೋಲೆ ನೋಡಿಯೇ ಕತ್ತರಿಸಬೇಕು.

ಹಕ್ಕುಸ್ವಾಮ್ಯದ ಮಾತನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ. 2022ರ ಬೀಜಿಂಗ್ ಒಲಿಂಪಿಕ್ಸ್ ವೇಳೆ ಅಮೆರಿಕದ ಅಲೆಕ್ಸಾ ನಿಯರಿಮ್ ಮತ್ತು ಬ್ರ್ಯಾಂಡನ್ ಫ್ರೇಜಿಯರ್ ಬಳಸಿದ್ದು ಹಳೆಯ ಜನಪದ ಹಾಡು. ಆದರೆ ಆ ಧ್ವನಿಮುದ್ರಣ ಮಾಡಿದ್ದ ಸಂಗೀತಗಾರರು ಸ್ಕೇಟರ್‌ಗಳ ಮೇಲೂ ಪ್ರಸಾರ ವಾಹಿನಿಯ ಮೇಲೂ ಮೊಕದ್ದಮೆ ಹೂಡಿದರು. ನಮ್ಮ ಕಾನೂನಿನಲ್ಲೂ ಹಾಗೆಯೇ: ಪುರಂದರದಾಸರ ಪದ ಎಲ್ಲರದು, ಅದನ್ನು ಹಾಡಿದವರ ಧ್ವನಿಮುದ್ರಣಕ್ಕೆ ಪ್ರಕಟವಾದ ನಂತರ 60 ವರ್ಷ ಹಕ್ಕು ಇರುತ್ತದೆ. ಊರಿನ ಕಲಾವಿದರಿಂದಲೇ ಮೂರು ನಿಮಿಷದ ತುಣುಕು ನುಡಿಸಿ, ಬರವಣಿಗೆಯಲ್ಲಿ ಒಪ್ಪಿಗೆ ಪಡೆದು ಮುದ್ರಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಅವಧಿಯೂ ಮುಕ್ತಾಯವೂ ಬೇಕಾದಂತೆ ಸಿಗುತ್ತವೆ.

ಸ್ಪರ್ಧೆ ನಡೆಸುವವರಲ್ಲಿ ಒಂದು ಕೋರಿಕೆ. ಫೈಲುಗಳನ್ನು ಎರಡು ದಿನ ಮೊದಲೇ ತರಿಸಿಕೊಂಡು, ಹೆಸರು, ವಿಭಾಗ, ಅವಧಿ ಬರೆಸಿ, ಅದೇ ರಿಂಕ್‌ನ ಸ್ಪೀಕರ್‌ನಲ್ಲಿ ಪ್ರತಿಯೊಂದರ ಮೊದಲ ಮತ್ತು ಕೊನೆಯ ಹತ್ತು ಸೆಕೆಂಡ್ ಕೇಳಿ ನೋಡಲಿ. ಪತ್ರಿಕೆಯವರಲ್ಲಿ ಇನ್ನೊಂದು: ಫಲಿತಾಂಶ ಅಚ್ಚು ಮಾಡುವಾಗ ಸ್ಕೇಟರ್‌ನ ಹೆಸರಿನ ಪಕ್ಕದಲ್ಲಿ ಯಾವ ಸಂಗೀತಕ್ಕೆ ಆಡಿದರು ಎಂಬುದನ್ನೂ ಹಾಕಿ.

ಇತಿ,
ಆರ್ಟಿಸ್ಟಿಕ್ ಸ್ಕೇಟಿಂಗ್ ತರಬೇತುದಾರರು
ಬೆಂಗಳೂರು