ದನಿ ಮರಳಿದೆ, ಥ್ಯಾಂಕ್ಸ್ ಹೇಳಬೇಕಿದೆ

ಕಳೆದ ಶನಿವಾರ ಸಂಜೆ ರೇಡಿಯೊದ ನಮ್ಮ ಕ್ರೀಡಾ ಹರಟೆಗೆ ಮತ್ತೆ ನಾನೇ ಕೂತೆ. ಗಂಟಲಿಗೆ ಏನಾಗಿತ್ತು, ಡಾಕ್ಟರು ಏನು ಮಾಡಿದರು ಅನ್ನೋದು ನಿಮಗೆಲ್ಲ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ.

ನಾನಿಲ್ಲದಾಗ ಕಾರ್ಯಕ್ರಮ ನಡೆಸಿಕೊಂಡು ಹೋದ ಹುಡುಗರಿಗೆ, ಮನೆಗೆ ಗಂಜಿ, ಸಾರು ಕಳಿಸಿದ ಅಕ್ಕಪಕ್ಕದವರಿಗೆ, ಖರ್ಚಿಗೆ ಅಂತ ಕೇಳದೆಯೇ ಕೈಗೆ ದುಡ್ಡು ಕೊಟ್ಟ ಗೆಳೆಯರಿಗೆ, ನಂಜನಗೂಡು, ಶ್ರೀರಂಗಪಟ್ಟಣದಿಂದ ಫೋನ್ ಮಾಡಿ ವಿಚಾರಿಸಿದ ಕೇಳುಗರಿಗೆ ನನ್ನ ನಮಸ್ಕಾರ.

ಆದರೆ ಒಬ್ಬರ ಬಗ್ಗೆ ಜಾಸ್ತಿ ಬರೆಯಲೇಬೇಕು. ನಮ್ಮ ಕಂಟ್ರೋಲ್ ರೂಮಿನ ಅಕ್ಕ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುತ್ತಿಲ್ಲ. ಗಾಜಿನ ಆ ಕಡೆ ಕೂತು ನನ್ನ ಮೈಕ್ ಏರಿಸಿ ಇಳಿಸುವವರು, ನಿಮ್ಮ ಫೋನ್ ಮೊದಲು ಎತ್ತುವವರು ಅವರೇ. ಕ್ರಿಕೆಟ್ ಆಗಲಿ, ಕುಸ್ತಿಯಾಗಲಿ, ತಾವಾಗಿ ಹೋಗಿ ನೋಡಿದವರಲ್ಲ. ಡ್ಯೂಟಿ ಅಂತ ನನ್ನ ಮಾತು ಕೇಳಿಸಿಕೊಳ್ಳುತ್ತಾರೆ ಅಂದುಕೊಂಡಿದ್ದೆ.

ಆಪರೇಷನ್ ಆದ ರಾತ್ರಿ ಒಂದು ಮಾತೂ ಆಡಬಾರದು ಅಂದಿದ್ದರು. ಮಗನಿಗೆ ಜ್ವರ, ಮನೆಯವರು ಅವನ ಹತ್ತಿರ ಇರಬೇಕಿತ್ತು. ಅಮ್ಮನಿಗೆ ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಕೂರುವ ಶಕ್ತಿ ಇಲ್ಲ. "ನಾನಿರ್ತೀನಿ, ನೀವೆಲ್ಲ ಹೊರಡಿ" ಅಂತ ಅಕ್ಕ ಎಲ್ಲರನ್ನೂ ಕಳಿಸಿದರು. ನಡುರಾತ್ರಿ ನನಗೆ ಭಯ ಶುರುವಾಯಿತು. ದನಿ ವಾಪಸ್ ಬರದೇ ಇದ್ದರೆ? ನನಗೆ ಬರುವ ಕೆಲಸ ಮಾತಾಡೋದು ಒಂದೇ. "ಇನ್ನು ಮುಗೀತು ಅಕ್ಕ" ಅಂತ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದೆ.

ಅವರು ಸಮಾಧಾನ ಹೇಳಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು, ಮೆಲ್ಲಗೆ, 2010ರ ಜನವರಿಯ ರಣಜಿ ಕ್ರಿಕೆಟ್ ಫೈನಲ್‌ನ ಕಥೆ ಶುರು ಮಾಡಿದರು. ನಮ್ಮ ಮೈಸೂರಿನದೇ ಗಂಗೋತ್ರಿ ಗ್ಲೇಡ್ಸ್ ಮೈದಾನ. ಎದುರಿಗೆ ಮುಂಬೈ. ಮೊದಲ ಇನಿಂಗ್ಸ್‌ನಲ್ಲಿ ಬರೀ 130ಕ್ಕೆ ಬಿದ್ದ ನಮ್ಮ ಕರ್ನಾಟಕ ತಂಡ ಗೆಲ್ಲಲು ಎರಡನೇ ಇನಿಂಗ್ಸ್‌ನಲ್ಲಿ 338 ಹೊಡೆಯಬೇಕು. ಗಣೇಶ್ ಸತೀಶ್ ಗಟ್ಟಿಯಾಗಿ ನಿಂತಿದ್ದು, ಮನೀಶ್ ಪಾಂಡೆ 144 ಹೊಡೆದಿದ್ದು, ಮುಂಬೈನ ಅಗರ್ಕರ್ ವಿಕೆಟ್ ಮೇಲೆ ವಿಕೆಟ್ ಕಿತ್ತಿದ್ದು. ಇನ್ನೇನು ಕಪ್ ನಮ್ಮದೇ ಅನ್ನುವಾಗ 331ಕ್ಕೆ ಎಲ್ಲ ಮುಗಿದಿದ್ದು. ಆರು ರನ್‌ನಿಂದ ಸೋಲು.

ಅಕ್ಕ ಆ ಪಂದ್ಯಕ್ಕೆ ಹೋದವರೇ ಅಲ್ಲ. ಹೇಳಿದ್ದೆಲ್ಲ ನನ್ನ ಮಾತು. ನಾನು ಎಷ್ಟೋ ಸಲ ಕಾರ್ಯಕ್ರಮದಲ್ಲಿ ಹೇಳಿದ್ದನ್ನು, ನಾನು ಎಲ್ಲಿ ತಡೆದು ಹೇಳುತ್ತೇನೋ ಅಲ್ಲೇ ತಡೆದು ಹೇಳಿದರು. ರೇಡಿಯೊದಲ್ಲಿ ಆಡಿದ ಮಾತು ಆಗಲೇ ಹೋಯಿತು ಅಂದುಕೊಂಡು ಇಷ್ಟು ವರ್ಷ ಕೆಲಸ ಮಾಡಿದವಳು ನಾನು. ಅದನ್ನೆಲ್ಲ ಒಬ್ಬರು ಎತ್ತಿಟ್ಟುಕೊಂಡಿದ್ದರು. ತುಂಬಾ ಅತ್ತೆ. ಅಳುವಾಗಲೂ ಸದ್ದು ಮಾಡುವ ಹಾಗಿರಲಿಲ್ಲ. ಅಕ್ಕ ನನ್ನ ಕೈ ಹಿಡಿದುಕೊಂಡು 2014ಕ್ಕೆ ಹೋದರು. ವಿನಯ್ ಕುಮಾರ್ ಕ್ಯಾಪ್ಟನ್ ಆಗಿದ್ದ ನಮ್ಮ ತಂಡ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ರಣಜಿ ಕಪ್ ತಂದ ಕಥೆ. ಅದು ಮುಗಿಯುವಷ್ಟರಲ್ಲಿ ನರ್ಸ್ ಬಿಪಿ ನೋಡಲು ಬಂದರು, ಬೆಳಗಾಗಿತ್ತು.

ಆಮೇಲಿನ ತಿಂಗಳುಗಳಲ್ಲಿ ಈ ಕೆಲಸದ ಬಗ್ಗೆ ಸುಮಾರು ಯೋಚಿಸಿದೆ. ದೊಡ್ಡ ಮ್ಯಾಚಿನ ಸ್ಕೋರ್ ಈಗ ಎಲ್ಲರ ಮೊಬೈಲಿನಲ್ಲೂ ಇದೆ. ಆದರೆ ದೊಡ್ಡಕೆರೆ ಮೈದಾನದ ದಸರಾ ಕುಸ್ತಿಗೆ ಯಾವ ಗರಡಿಯ ಪೈಲ್ವಾನನಿಗೆ ಯಾರನ್ನು ಜೋಡಿ ಕಟ್ಟಿದರು, ಆ ಜೋಡಿ ಸರೀನಾ ಅಂತ ಜಗಳ ಆಡೋಕೆ ಒಂದು ಜಾಗ ಬೇಕಲ್ವಾ? ಹಳ್ಳಿ ಕಬಡ್ಡಿಯಲ್ಲಿ ಚೆನ್ನಾಗಿ ರೈಡ್ ಮಾಡಿದ ಹುಡುಗಿಯ ಹೆಸರನ್ನು ಅವಳ ಅಜ್ಜಿ ರೇಡಿಯೊದಲ್ಲಿ ಕೇಳಬೇಕಲ್ವಾ? ನಾನು ಹೊಸಬಳಾಗಿದ್ದಾಗ, ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಅನ್ನದೆ, ಕೂರಿಸಿಕೊಂಡು ಒಂದೊಂದೇ ಪಟ್ಟು ಹೇಳಿಕೊಟ್ಟ ಗರಡಿಮನೆಯ ಹಿರಿಯರನ್ನೂ ಇಲ್ಲಿ ನೆನೆಯುತ್ತೇನೆ. ಆ ಋಣ ದೊಡ್ಡದು.

ಸದ್ಯಕ್ಕೆ ಕಾರ್ಯಕ್ರಮ ಅರ್ಧ ಗಂಟೆ ಮಾತ್ರ, ಡಾಕ್ಟರು ಅಷ್ಟಕ್ಕೇ ಒಪ್ಪಿದ್ದಾರೆ. ಈ ಶನಿವಾರ ಕುಸ್ತಿ ಜೋಡಿಗಳ ಬಗ್ಗೆ ಮಾತಾಡೋಣ. ನಂಬರ್ ಅದೇ. ಫೋನ್ ಎತ್ತುವುದು ಅಕ್ಕ. ಮೊದಲು ಅವರಿಗೊಂದು ನಮಸ್ಕಾರ ಹೇಳಿ, ಆಮೇಲೆ ನನಗೆ ಕೊಡಲು ಹೇಳಿ.