ದಸರಾ ಆರ್ಡರ್: ಭಾನುವಾರದೊಳಗೆ ಸ್ಟಾಕ್ ಲೆಕ್ಕ ಕಳಿಸಿ

ಎಲ್ಲರಿಗೂ ನಮಸ್ಕಾರ,

ಚನ್ನಪಟ್ಟಣದ ನಮ್ಮ ಗುಂಪಿನಲ್ಲಿ ಲೇತ್ (ಮರ ಕಡೆಯುವ ಯಂತ್ರ) ಇಟ್ಟುಕೊಂಡಿರುವ ಎಲ್ಲರಿಗೂ ಈ ಸೂಚನೆ. ದಸರಾ, ದೀಪಾವಳಿ ಗೊಂಬೆಗಳಿಗೆ ಮರ ಮತ್ತು ಬಣ್ಣಕ್ಕೆ ಹಚ್ಚುವ ಅರಗನ್ನು ಒಟ್ಟಿಗೆ ತರಿಸೋಣ. ಈ ಭಾನುವಾರ ಸಂಜೆ 6ರೊಳಗೆ ನಿಮ್ಮ ಲೆಕ್ಕ ಇಲ್ಲಿ ಹಾಕಿ.

ಮೊದಲು ಆಲೆಮರ, ಅಂದರೆ ಗೊಂಬೆ ಕಡೆಯುವ ಮರ. ಒಣಗಿದ್ದು ಎಷ್ಟು, ಹಸಿ ಎಷ್ಟು, ಬೇರೆ ಬೇರೆ ಬರೆಯಿರಿ. ಹಸಿ ಮರ ಒಣಗಲು ಎರಡು ಮೂರು ತಿಂಗಳು ಬೇಕು. ಇವತ್ತು ತಂದದ್ದು ಸೆಪ್ಟೆಂಬರ್‌ಗೆ ಲೇತ್ ಮೇಲೆ ಬರುತ್ತದೆ, ಅಷ್ಟೇ. ಅವಸರಕ್ಕೆ ಹಸಿ ಮರ ಕಡೆದರೆ ಆಮೇಲೆ ಗೊಂಬೆ ಬಿರುಕು ಬಿಡುತ್ತದೆ, ಮಾಲು ವಾಪಸ್ ಬರುತ್ತದೆ.

ಅರಗನ್ನು ಬಣ್ಣದ ಪ್ರಕಾರ ತೂಗಿ. ದಿನಕ್ಕೆ 2 ಕೆಜಿ ಖರ್ಚು, ಮಾಲು ಬರಲು 12 ದಿನ ಅಂದುಕೊಳ್ಳಿ. ಆಗ 24 ಕೆಜಿ, ತಡವಾದರೆ ಅಂತ ಇನ್ನೊಂದು 6 ಕೆಜಿ. ಸ್ಟಾಕ್ 30ಕ್ಕೆ ಇಳಿದ ದಿನವೇ ಆರ್ಡರ್ ಹಾಕಬೇಕು, ಡಬ್ಬ ಖಾಲಿಯಾದ ಮೇಲೆ ಅಲ್ಲ.

ನಿಮಗೆ ಬಂದಿರುವ ಗೊಂಬೆ ಆರ್ಡರ್‌ಗಳನ್ನೂ ಲೆಕ್ಕದಲ್ಲಿ ಬರೆಯಿರಿ, ಅಂಗಡಿಯ ಹೆಸರು ತಪ್ಪದೆ ಹಾಕಿ. ಮುಂಗಡ ಬಂದದ್ದು, ಬರೀ ಫೋನಿನಲ್ಲಿ ಹೇಳಿದ್ದು ಬೇರೆ ಬೇರೆ ಇರಲಿ. ಒಂದೇ ಅಂಗಡಿಯವರು ಅದೇ 500 ಗೊಂಬೆಗೆ ನಮ್ಮಲ್ಲಿ ಮೂವರನ್ನು ಕೇಳಿರುತ್ತಾರೆ. ಮೂವರೂ ಮರ ತರಿಸಿದರೆ ಸಾವಿರ ಗೊಂಬೆಯಷ್ಟು ದುಡ್ಡು ಸುಮ್ನೆ ಕೂತುಬಿಡುತ್ತದೆ, ಅಲ್ವಾ? ನನಗೆ ಇದೇ ಜಾಸ್ತಿ ಚಿಂತೆ.

ಕಳೆದ ವರ್ಷ ಮಾರಾಟವಾಗದೆ ಉಳಿದ ಗೊಂಬೆಗಳನ್ನೂ ಸೇರಿಸಿ. ಬರೆಯಲು ಕಷ್ಟ ಅನ್ನುವವರು ವಾಯ್ಸ್ ಮೆಸೇಜ್ ಕಳಿಸಿ, ನಾನೇ ಬರೆದುಕೊಳ್ಳುತ್ತೇನೆ. ಈ ಮೆಸೇಜ್ ನೋಡಿದವರು ದಯವಿಟ್ಟು ‘ಸರಿ’ ಅಂತ ಹಾಕಿ.